ವಿದ್ಯುತ್ತು ಹರಿಸುವ ಶಾಯಿ

ನಾರಾಯಣಪುರದ ಬಸವಸಾಗರ ಜಲಾಶಯಕ್ಕೆ ಸಮೀಪದಲ್ಲಿ ಕೊಡೇಕಲ್ ಎಂಬ ಊರಿದೆ. ಹಿಂದೆ ಸುರಪುರ ತಾಲೂಕಿನಲ್ಲಿದ್ದ ಈ ಊರು ಈಗ ಯಾದಗಿರಿ ಜಿಲ್ಲೆಯ ಹುಣಸಗಿ ತಾಲೂಕಿಗೆ ಸೇರಿದೆ. ನಾಡಿನ ಜನ ಇದನ್ನು ಬಲ್ಲುದು ಮೊದಲಿಗೆ ಕೊಡೇಕಲ್ ಬಸವಣ್ಣನ ಹೆಸರಿನಿಂದ. ಸುಮಾರು 500 ವರ್ಷಗಳ ಹಿಂದಿನ ಈ ಸಂತನ ಪರಂಪರೆಯಲ್ಲಿ ಕಾಲಜ್ಞಾನದ ಸಾಹಿತ್ಯ ಬೆಳೆಯಿತು. ಅದರಲ್ಲಿ ಒಂದು ಭಾಗವನ್ನು ‘ಅಮರಗನ್ನಡ’ ಎಂಬ ಗುಪ್ತಲಿಪಿಯಲ್ಲಿ ಬರೆದಿಡಲಾಯಿತು. ಲಿಪಿಯ ಮರ್ಮವನ್ನು ಅರಿತವನಿಗೆ ಮಾತ್ರ ಅದು ಮಾತು. ಉಳಿದವರಿಗೆ ಬರಿಯ ಗೆರೆಗಳ ಸಾಲು.

ಕೊಡೇಕಲ್ಲಿನ ಹೆಸರು ಪತ್ರಿಕೆಗಳಲ್ಲಿ ಮತ್ತೆ ದೊಡ್ಡದಾಗಿ ಬಂದುದು 2023ರ ಜನವರಿ 19ರಂದು. ನಾರಾಯಣಪುರ ಎಡದಂಡೆ ಕಾಲುವೆಯ ವಿಸ್ತರಣೆ, ನವೀಕರಣ ಹಾಗೂ ಆಧುನೀಕರಣದ ಯೋಜನೆಯನ್ನು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅಂದು ಅಲ್ಲಿ ಉದ್ಘಾಟಿಸಿದರು. ಈ ಕಾಲುವೆ 10,000 ಕ್ಯೂಸೆಕ್ ನೀರನ್ನು ಹೊರಬಲ್ಲುದು, 4.5 ಲಕ್ಷ ಹೆಕ್ಟೇರ್ ಭೂಮಿಗೆ ನೀರುಣಿಸಬಲ್ಲುದು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳು ಇದರ ಆಸರೆಯಲ್ಲಿವೆ. ಕಾಲುವೆಯಲ್ಲಿ ಹರಿಯುವ ನೀರನ್ನು ಅಳೆದು, ತೂಬುಗಳನ್ನು ದೂರದಿಂದಲೇ ಏರಿಸಿ ಇಳಿಸುವ ಗಣಕವ್ಯವಸ್ಥೆಯನ್ನೂ ಅಳವಡಿಸಲಾಗಿದೆ.

ಆದರೆ ನೀರು ಕಾಲುವೆಯನ್ನು ಬಿಟ್ಟು ಹೊಲಕ್ಕಿಳಿದ ಮೇಲೆ ಅಳತೆ ನಿಂತುಹೋಗುತ್ತದೆ. ಹೊಲದ ಮಣ್ಣಿನಲ್ಲಿ ತೇವ ಎಷ್ಟಿದೆ, ಇನ್ನೆಷ್ಟು ನೀರು ಬೇಕು ಎಂಬುದನ್ನು ರೈತ ಕಣ್ಣಳತೆಯಿಂದಲೇ ತೀರ್ಮಾನಿಸಬೇಕಾಗುತ್ತದೆ. ಎರೆಭೂಮಿಯಲ್ಲಿ ಈ ಕಣ್ಣಳತೆ ಬಹಳ ಮೋಸ ಮಾಡುತ್ತದೆ. ಮೇಲಿನ ಪದರ ಒಣಗಿ ಬಿರುಕು ಬಿಟ್ಟಿದ್ದರೂ ಒಂದು ಗೇಣಿನ ಕೆಳಗೆ ಮಣ್ಣು ಹಸಿಯಾಗಿರಬಹುದು. ಬೇರಿಗೆ ಸಾಕಷ್ಟು ನೀರಿರುವಾಗಲೇ ಮತ್ತೆ ನೀರು ಬಿಟ್ಟರೆ ಅದು ಕೆಳಗಿಳಿದು ನಿಲ್ಲುತ್ತದೆ. ಭೂಮಿಯೊಳಗಿನ ಉಪ್ಪನ್ನು ಕರಗಿಸಿಕೊಂಡು ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಬಿಳಿಯ ಪೊರೆಯಾಗಿ ಉಳಿಯುತ್ತದೆ. ಸವಳು ಎಂದು ರೈತರು ಹೇಳುವುದು ಇದನ್ನೇ. ಕಾಲುವೆಯ ಮೇಲ್ಭಾಗದವನು ಹೀಗೆ ಹೆಚ್ಚು ನೀರು ಬಿಟ್ಟುಕೊಂಡು ತನ್ನ ಭೂಮಿಯನ್ನು ಕೆಡಿಸಿಕೊಳ್ಳುತ್ತಿರುವಾಗ ಕೊನೆಯ ಭಾಗದವನು ನೀರಿಲ್ಲದೆ ಕಾಲುವೆಯ ಕಡೆಗೆ ನೋಡುತ್ತಾ ಕುಳಿತಿರುತ್ತಾನೆ.

ಮಣ್ಣಿನ ತೇವವನ್ನು ಅಳೆಯುವ ಉಪಕರಣಗಳು ಇಲ್ಲವೆಂದಲ್ಲ. ಒಂದು ಹೊಲದಲ್ಲಿ ಒಂದನ್ನು ನೆಟ್ಟರೆ ಸಾಲದು. ಐದಾರು ಕಡೆ, ಎರಡು ಮೂರು ಆಳಗಳಲ್ಲಿ ಬೇಕು. ಅಷ್ಟು ಉಪಕರಣಗಳನ್ನು ಕೊಳ್ಳುವುದು ಸಣ್ಣ ಹಿಡುವಳಿದಾರನ ಕೈಗೆ ಎಟುಕುವ ಮಾತಲ್ಲ. ವೃತ್ತಪತ್ರಿಕೆಯನ್ನು ಅಚ್ಚು ಮಾಡುವಂತೆ ಇವನ್ನೂ ಹಾಳೆಯ ಮೇಲೆ ಅಚ್ಚು ಮಾಡಿ ತೆಗೆಯುವಂತಿದ್ದರೆ? ಈ ಪ್ರಶ್ನೆ ಕೇಳಲು ವಿಚಿತ್ರವಾಗಿ ತೋರಿದರೂ ಜಗತ್ತಿನ ಅನೇಕ ಪ್ರಯೋಗಶಾಲೆಗಳು ಇದನ್ನು ಬಹಳ ಗಂಭೀರವಾಗಿ ಕೇಳಿಕೊಂಡಿವೆ. ಉತ್ತರವನ್ನೂ ಬಹುಮಟ್ಟಿಗೆ ಕಂಡುಕೊಂಡಿವೆ.

ರೇಡಿಯೋ ಅಥವಾ ದೂರದರ್ಶನದ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರು ಅದರೊಳಗೆ ಹಸಿರು ಬಣ್ಣದ ಗಡುಸಾದ ಹಲಗೆಯೊಂದನ್ನು ಕಂಡಿರುತ್ತಾರೆ. ಅದರ ಮೇಲೆ ತಾಮ್ರದ ಗೆರೆಗಳು ಓಡಾಡಿರುತ್ತವೆ. ಅವೇ ವಿದ್ಯುತ್ತಿನ ಹಾದಿಗಳು. ಈ ಹಲಗೆಯನ್ನು ಸಾಮಾನ್ಯವಾಗಿ ತಯಾರಿಸುವ ಬಗೆ ಹೀಗೆ: ಹಲಗೆಯ ಮೈಗೆಲ್ಲ ಮೊದಲು ತಾಮ್ರದ ತಗಡನ್ನು ಅಂಟಿಸುತ್ತಾರೆ, ಬೇಕಾದ ಗೆರೆಗಳನ್ನು ಮಾತ್ರ ಮರೆಮಾಡಿ, ಉಳಿದ ತಾಮ್ರವನ್ನು ರಾಸಾಯನಿಕದಲ್ಲಿ ಅದ್ದಿ ಕರಗಿಸಿಬಿಡುತ್ತಾರೆ. ಶಿಲ್ಪಿ ಬೇಡದ ಕಲ್ಲನ್ನು ಕೆತ್ತಿ ತೆಗೆದು ವಿಗ್ರಹವನ್ನು ಉಳಿಸುವಂತೆ ಇಲ್ಲಿಯೂ ಬೇಡದುದನ್ನು ತೆಗೆಯುವುದೇ ಕೆಲಸ. ಹೀಗೆ ತೆಗೆದ ಲೋಹವನ್ನೂ ಕೊಳೆಯಾದ ರಾಸಾಯನಿಕವನ್ನೂ ಏನು ಮಾಡಬೇಕೆಂಬುದೇ ಒಂದು ತಲೆನೋವು. ಅಂಗಳದಲ್ಲಿ ರಂಗೋಲಿ ಇಡುವವಳ ರೀತಿ ಇದಕ್ಕಿಂತ ಬೇರೆ. ಅವಳು ಅಂಗಳಕ್ಕೆಲ್ಲ ಪುಡಿ ಚೆಲ್ಲಿ ಆಮೇಲೆ ಗುಡಿಸುವುದಿಲ್ಲ; ಎಳೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಬೆರಳಿನ ಸಂದಿಯಿಂದ ಪುಡಿಯನ್ನು ಬಿಡುತ್ತಾಳೆ. ಶಾಯಿಯಿಂದ ವಿದ್ಯುನ್ಮಾರ್ಗಗಳನ್ನು ಅಚ್ಚು ಮಾಡುವುದು ರಂಗೋಲಿಯ ದಾರಿ. ಇದರಲ್ಲಿ ಹಲಗೆಯೂ ಬೇಕಾಗಿಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆ, ಕಾಗದ, ಬಟ್ಟೆ ಯಾವುದಾದರೂ ಆದೀತು. ಬಾಗುವ, ಸುತ್ತುವ, ಮಡಿಸುವ ಇಂಥ ಸಾಧನಗಳಿಗೆ ನಮ್ಯ ಎಲೆಕ್ಟ್ರಾನಿಕ್ಸ್ ಎಂದು ಹೆಸರು.

ಇದಕ್ಕೆ ಬೇಕಾದ ಶಾಯಿ ಎಂಥದು? ಇದನ್ನು ತಿಳಿಯಬೇಕಾದರೆ ಹಳೆಯ ಮಸಿಕುಡಿಕೆಯೊಳಗೆ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ಹಿಂದಿನವರು ಓಲೆಗರಿಯ ಮೇಲೆ ಕಂಠದಿಂದ ಅಕ್ಷರ ಕೊರೆದು ಮಸಿ ಪೂಸುತ್ತಿದ್ದರು. ಕಾಗದದ ಮೇಲೆ ಲೆಕ್ಕಣಿಕೆಯಿಂದ ಬರೆಯುತ್ತಿದ್ದರು. ಕರಿಯ ಮಸಿಯ ಮುಖ್ಯ ಸಾಮಗ್ರಿಗಳು ಮೂರು: ದೀಪದ ಕುಡಿಯಿಂದ ಹಿಡಿದ ಕಾಡಿಗೆ, ನೀರು ಮತ್ತು ಜಾಲಿಯ ಮರದ ಅಂಟು. ಬರಿಯ ಕಾಡಿಗೆಯನ್ನು ನೀರಿಗೆ ಹಾಕಿದರೆ ಅದು ಬೆರೆಯುವುದಿಲ್ಲ. ಕಣಕ್ಕೆ ಕಣ ಅಂಟಿ ಗಂಟುಗಟ್ಟಿ ತೇಲುತ್ತದೆ, ಇಲ್ಲವೆ ತಳ ಸೇರುತ್ತದೆ. ಅಂಟನ್ನು ಸೇರಿಸಿ ಅರೆದಾಗ ಅದು ಪ್ರತಿಯೊಂದು ಕಣವನ್ನೂ ಸುತ್ತುವರಿದು ಒಂದು ಇನ್ನೊಂದನ್ನು ಮುಟ್ಟದಂತೆ ಕಾಯುತ್ತದೆ. ಆಗ ಮಸಿ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ಕಾಡಿಗೆಯ ಒಂದೊಂದು ಮೂಲಕಣದ ಅಡ್ಡಗಲ ಕೆಲವು ಹತ್ತು ನ್ಯಾನೊಮೀಟರುಗಳಷ್ಟೇ. ಮೀಟರಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲು ಒಂದು ನ್ಯಾನೊಮೀಟರು. ತಲೆಗೂದಲಿನ ಅಗಲ ಸುಮಾರು 70,000ದಿಂದ 80,000 ನ್ಯಾನೊಮೀಟರುಗಳಾಗುತ್ತದೆ. ಆ ಹೆಸರು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಲಿಪಿಕಾರರು ನ್ಯಾನೊಕಣಗಳನ್ನು ಅರೆಯುತ್ತ ಕುಳಿತಿದ್ದರೆಂದು ಹೇಳಿದರೆ ತಪ್ಪಾಗಲಾರದು. ಕಣ, ಅದನ್ನು ಹೊರುವ ದ್ರವ, ಅದನ್ನು ಕಾಯುವ ಹೊದಿಕೆ ಎಂಬ ಈ ಮೂರರ ಕೂಟವೇ ಇಂದಿನ ವಾಹಕ ಶಾಯಿಯಲ್ಲಿಯೂ ಇರುವುದು. ಕಾಡಿಗೆಯ ಬದಲು ಅಲ್ಲಿ ಬೆಳ್ಳಿ ಬಂದಿದೆ.

ಬೆಳ್ಳಿಯ ಶಾಯಿ ಕನ್ನಡನಾಡಿಗೆ ಹೊಸದಲ್ಲ. ಮತ ಹಾಕಿದವರ ಎಡಗೈ ಬೆರಳಿಗೆ ಹಚ್ಚುವ ಅಳಿಸಲಾಗದ ಗುರುತಿನ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಪ್ರಾರಂಭವಾದ ಸಂಸ್ಥೆ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಸರ್ಕಾರಿ ಉದ್ಯಮವಾಗಿದೆ. 1962ರ ಮಹಾಚುನಾವಣೆಯಿಂದ ಈಚೆಗೆ ಭಾರತದ ಮತದಾರರ ಬೆರಳಿನ ಗುರುತು ಇಲ್ಲಿಂದಲೇ ಹೋಗುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣವಿದೆ. ಅದು ಚರ್ಮದ ಮೇಲಣ ಉಪ್ಪಿನೊಡನೆ ಕೂಡಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದರಿಂದ ಅತಿ ಸೂಕ್ಷ್ಮವಾದ ಬೆಳ್ಳಿಯ ಕಣಗಳು ಬಿಡುಗಡೆಯಾಗಿ ಕಲೆ ಕಪ್ಪಾಗುತ್ತದೆ. ಹಾಗಾದರೆ ಮತದಾರನ ಬೆರಳಿನ ಗೆರೆಯಲ್ಲಿ ವಿದ್ಯುತ್ತು ಹರಿದೀತೆ? ಹರಿಯದು. ಬೆಳ್ಳಿಯೇನೋ ಅಲ್ಲಿದೆ, ಆದರೆ ಕಣಗಳು ಚರ್ಮದ ತುಂಬ ಚದುರಿವೆ. ಒಂದರಿಂದ ಇನ್ನೊಂದಕ್ಕೆ ದಾಟಲು ಹಾದಿಯಿಲ್ಲ. ಹೊಳೆಯಲ್ಲಿ ಅಲ್ಲೊಂದು ಇಲ್ಲೊಂದು ಕಲ್ಲು ಬಿದ್ದಿದ್ದರೆ ಅದು ಕಾಲುಸಂಕವಾಗುವುದಿಲ್ಲ. ಕಣಗಳು ಒತ್ತಾಗಿ ಸೇರಬೇಕು, ಸೇರಿದುವು ಬೆಸೆದುಕೊಳ್ಳಬೇಕು.

ಈ ಬೆಸುಗೆಯ ವಿಷಯವೇ ಇಡೀ ಶಾಸ್ತ್ರದ ಜೀವಾಳ. ಬೆಳ್ಳಿಯನ್ನು ಬೆಸೆಯುವುದು ಪತ್ತಾರನ ದಿನನಿತ್ಯದ ಕೆಲಸ. ಅವನ ಕುಲುಮೆಯ ಉರಿ ಅದಕ್ಕೆ ಸಾಕು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಪ್ಲಾಸ್ಟಿಕ್ ಹಾಳೆಯನ್ನು ಆ ಉರಿಯ ಹತ್ತಿರಕ್ಕೆ ಒಯ್ದರೂ ಅದು ಮುದುಡಿ ಸುಟ್ಟುಹೋಗುತ್ತದೆ. ಅಗ್ಗದ ಪಾಲಿಯೆಸ್ಟರ್ ಹಾಳೆ 150 ಡಿಗ್ರಿಯ ಆಸುಪಾಸಿನಲ್ಲಿಯೇ ಕುಗ್ಗತೊಡಗುತ್ತದೆ. ಹೀಗಿರುವಾಗ ಅದರ ಮೇಲೆ ಬೆಳ್ಳಿಯ ಕಣಗಳನ್ನು ಬೆಸೆಯುವುದೆಂತು?

ಇಲ್ಲಿ ಕಣಗಳ ಸಣ್ಣತನವೇ ಸಹಾಯಕ್ಕೆ ಬರುತ್ತದೆ. ಒಂದು ಸೆಂಟಿಮೀಟರ್ ಅಳತೆಯ ಬೆಳ್ಳಿಯ ಘನವನ್ನು ಊಹಿಸಿಕೊಳ್ಳಬೇಕು. ಅದಕ್ಕೆ ಆರು ಮುಖಗಳು. ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರು. ಅದೇ ಘನವನ್ನು 10 ನ್ಯಾನೊಮೀಟರ್ ಅಳತೆಯ ಪುಟ್ಟ ಘನಗಳಾಗಿ ಒಡೆದರೆ ಅವುಗಳೆಲ್ಲದರ ಮೇಲ್ಮೈ ಸೇರಿ 600 ಚದರ ಮೀಟರು ಆಗುತ್ತದೆ. ಬೆಳ್ಳಿ ಅಷ್ಟೇ, ಮೈ ಮಾತ್ರ ಹತ್ತು ಲಕ್ಷ ಪಟ್ಟು ಹೆಚ್ಚಾಯಿತು. ಲೋಹದ ಒಳಗಿನ ಪರಮಾಣುವನ್ನು ಎಲ್ಲ ಕಡೆಯಿಂದಲೂ ನೆರೆಯ ಪರಮಾಣುಗಳು ಹಿಡಿದಿರುತ್ತವೆ. ಮೇಲ್ಮೈಯಲ್ಲಿರುವ ಪರಮಾಣುವಿಗೆ ಒಂದು ಕಡೆ ನೆರೆಯವರಿಲ್ಲ. ಅದರ ಹಿಡಿತ ಸಡಿಲ. ಅದು ಸುಲಭವಾಗಿ ಸ್ಥಾನ ಬದಲಿಸಬಲ್ಲುದು. ಕಣ ಸಣ್ಣದಾದಂತೆಲ್ಲ ಇಂಥ ಸಡಿಲ ಪರಮಾಣುಗಳ ಪಾಲು ಹೆಚ್ಚುತ್ತದೆ. ಆದುದರಿಂದ ಎರಡು ನ್ಯಾನೊಕಣಗಳು ಒಂದನ್ನೊಂದು ಮುಟ್ಟಿದಾಗ ಸ್ವಲ್ಪ ಬಿಸಿ ತಾಗಿದರೂ ಸಾಕು, ಮೇಲ್ಮೈಯ ಪರಮಾಣುಗಳು ಸಂದಿಗೆ ಹರಿದುಬಂದು ಕುತ್ತಿಗೆಯಂಥ ಬೆಸುಗೆಯನ್ನು ಕಟ್ಟುತ್ತವೆ. ಕಣ ಪೂರ್ತಿಯಾಗಿ ಕರಗಬೇಕಾಗಿಲ್ಲ. ಬೆಳ್ಳಿಯ ಶಾಯಿಯ ಗೆರೆಗಳು 150 ಡಿಗ್ರಿಯ ಸುಮಾರಿನಲ್ಲಿ, ಕೆಲವು ಶಾಯಿಗಳಲ್ಲಿ ಇನ್ನೂ ಕಡಮೆ ಉಷ್ಣತೆಯಲ್ಲಿ, ಹೀಗೆ ಬೆಸೆದುಕೊಳ್ಳುತ್ತವೆ. ಕಣವನ್ನು ಕಾಯುತ್ತಿದ್ದ ಹೊದಿಕೆ ಈ ಬಿಸಿಗೆ ಸಡಿಲಗೊಂಡು ದಾರಿ ಬಿಡಬೇಕು. ಕುಪ್ಪಿಯಲ್ಲಿರುವವರೆಗೆ ಕಣಗಳು ಕೂಡಬಾರದು, ಹಾಳೆಯ ಮೇಲೆ ಬಿದ್ದ ಮೇಲೆ ಕೂಡದೆ ಇರಬಾರದು. ಒಂದೇ ಹೊದಿಕೆಯಿಂದ ಈ ಎರಡು ವಿರುದ್ಧ ಗುಣಗಳನ್ನು ಪಡೆಯುವುದರಲ್ಲಿ ಶಾಯಿ ತಯಾರಿಸುವವರ ಜಾಣ್ಮೆಯೆಲ್ಲ ಅಡಗಿದೆ.

ಇನ್ನು ಮುದ್ರಿಸುವ ಯಂತ್ರದ ಸಂಗತಿ. ಕಚೇರಿಗಳಲ್ಲಿ ಕಾಣುವ ಇಂಕ್‌ಜೆಟ್ ಮುದ್ರಕವೇ ಇದರ ಮಾದರಿ. ಅದರಲ್ಲಿ ಅಚ್ಚುಮೊಳೆಗಳಿಲ್ಲ, ಹಾಳೆಗೆ ತಾಗುವ ಯಾವ ಭಾಗವೂ ಇಲ್ಲ. ಸಾಲುಸಾಲಾಗಿರುವ ಸಣ್ಣ ರಂಧ್ರಗಳಿಂದ ಶಾಯಿಯ ಹನಿಗಳು ಹಾರಿ ಹಾಳೆಯ ಮೇಲೆ ಬೀಳುತ್ತವೆ. ಹನಿಯನ್ನು ಹೊರದೂಡುವುದಕ್ಕೆ ಎರಡು ವಿಧಾನಗಳುಂಟು. ಒಂದರಲ್ಲಿ ಶಾಯಿಯನ್ನು ಕ್ಷಣಮಾತ್ರ ಬಿಸಿಮಾಡಿ ಆವಿಯ ಗುಳ್ಳೆಯನ್ನೆಬ್ಬಿಸಿ ಅದರ ಒತ್ತಡದಿಂದ ಹನಿಯನ್ನು ಚಿಮ್ಮಿಸುತ್ತಾರೆ. ಇನ್ನೊಂದರಲ್ಲಿ ವಿದ್ಯುತ್ತು ಕೊಟ್ಟೊಡನೆ ತುಸು ಹಿಗ್ಗಿ ಕುಗ್ಗುವ ಹರಳಿನ ಗೋಡೆ ಶಾಯಿಯನ್ನು ಹಿಂಡುತ್ತದೆ. ಹರಳುಗಳಿಗೂ ವಿದ್ಯುತ್ತಿಗೂ ಇರುವ ಈ ನಂಟನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದಿದ್ದರು. ಲೋಹದ ಶಾಯಿಗಳಿಗೆ ಬಿಸಿ ತಾಗದ ಈ ಎರಡನೆಯ ವಿಧಾನವೇ ಹೆಚ್ಚು ಮೆಚ್ಚಿಗೆಯಾದುದು. ರಂಧ್ರದೊಳಗೇ ಕಣಗಳು ಬೆಸೆದುಕೊಂಡರೆ ಮುದ್ರಕದ ಕಥೆ ಅಲ್ಲಿಗೆ ಮುಗಿಯಿತು.

ಈ ಹನಿ ಎಷ್ಟು ಸಣ್ಣದು? ಹನಿಯ ಗಾತ್ರ ಸಾಮಾನ್ಯವಾಗಿ 1ರಿಂದ 10 ಪಿಕೊಲೀಟರು. ಒಂದು ಮಿಲಿಲೀಟರ್ ಶಾಯಿಯಿಂದ 10 ಪಿಕೊಲೀಟರಿನ ಹತ್ತು ಕೋಟಿ ಹನಿಗಳಾಗುತ್ತವೆ. ಅಂಥ ಹನಿಯ ಅಡ್ಡಗಲ 27 ಮೈಕ್ರಾನ್, ಎಂದರೆ ತಲೆಗೂದಲಿನ ಅಗಲದ ಅರ್ಧಕ್ಕಿಂತ ಕಡಮೆ. ಇಷ್ಟು ಕಿರಿದಾದ ಹನಿ ನೆಟ್ಟಗೆ ಹಾರಬೇಕಾದರೆ ಶಾಯಿ ನೀರಿಗಿಂತ ಹತ್ತು ಪಟ್ಟಿನಷ್ಟು ಮಂದವಾಗಿದ್ದರೆ ಚೆನ್ನ. ತೀರ ತೆಳ್ಳಗಾದರೆ ಹನಿಯ ಹಿಂದೆ ಮರಿಹನಿಗಳು ಚಿಮ್ಮಿ ಗೆರೆ ಕಲಸಿಹೋಗುತ್ತದೆ. ತೀರ ಮಂದವಾದರೆ ಹನಿ ರಂಧ್ರವನ್ನು ಬಿಟ್ಟು ಬರುವುದೇ ಇಲ್ಲ. ಕಣಗಳ ಅಗಲವೂ ರಂಧ್ರದ ಅಗಲದ ಐವತ್ತನೆಯ ಒಂದು ಪಾಲನ್ನು ಮೀರಬಾರದೆಂಬುದು ಕೆಲಸಗಾರರ ನಿಯಮ. ರಂಧ್ರ 20 ಮೈಕ್ರಾನಿನದಾದರೆ ಕಣ 400 ನ್ಯಾನೊಮೀಟರನ್ನು ದಾಟುವಂತಿಲ್ಲ. ಇದಕ್ಕಿಂತ ದೊಡ್ಡ ಕಣಗಳು ಬಾಗಿಲಲ್ಲಿ ನೂಕುನುಗ್ಗಲು ಮಾಡುವ ಜಾತ್ರೆಯ ಜನರಂತೆ ಒಂದಕ್ಕೊಂದು ಆತು ದಾರಿಯನ್ನೇ ಮುಚ್ಚಿಬಿಡುತ್ತವೆ.

ಹನಿ ಸರಿಯಾದ ಜಾಗದಲ್ಲಿ ಬಿದ್ದ ಮೇಲೆ ಕೆಲಸ ಮುಗಿಯಿತೆಂದು ಭಾವಿಸಬಾರದು. ನಿಜವಾದ ತೊಡಕು ಹನಿ ಆರುವಾಗ ಬರುತ್ತದೆ. ನುಣುಪಾದ ತಟ್ಟೆಯ ಮೇಲೆ ಚಹಾದ ಅಥವಾ ಕಾಫಿಯ ಹನಿಯೊಂದು ಬಿದ್ದು ತಾನಾಗಿಯೇ ಆರಿದರೆ ಉಳಿಯುವ ಕಲೆಯನ್ನು ಗಮನಿಸಬೇಕು. ಅದು ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ. ನಡುವೆ ತಿಳಿಯಾಗಿದ್ದು, ಅಂಚಿನಲ್ಲಿ ಕಪ್ಪು ಬಳೆಯೊಂದು ಮೂಡಿರುತ್ತದೆ. ದಿನವೂ ಲಕ್ಷಾಂತರ ಜನ ಕಂಡು ಒರೆಸಿಹಾಕಿದ ಈ ಕಲೆಯ ಕಾರಣವನ್ನು ಶಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಬಿಡಿಸಿ ಹೇಳಿದರು. ಹನಿಯ ಅಂಚು ತಟ್ಟೆಯ ಮೈಗೆ ಕಚ್ಚಿಕೊಂಡಿರುತ್ತದೆ, ಹಿಂದೆ ಸರಿಯದು. ಅಂಚಿನಲ್ಲಿ ದ್ರವ ಬೇಗ ಆರುತ್ತದೆ. ಆರಿದ ಕೊರತೆಯನ್ನು ತುಂಬಲು ನಡುವಿನ ದ್ರವ ಅಂಚಿನ ಕಡೆಗೆ ಹರಿಯುತ್ತಲೇ ಇರುತ್ತದೆ. ಹರಿಯುವಾಗ ಕಣಗಳನ್ನು ಹೊತ್ತೊಯ್ದು ಅಂಚಿನಲ್ಲಿ ಬಿಟ್ಟು ತಾನು ಆವಿಯಾಗಿ ಹೋಗುತ್ತದೆ. ಸವಳು ಭೂಮಿಯಲ್ಲಿ ನೀರು ಆರಿ ಉಪ್ಪನ್ನು ಬಿಟ್ಟುಹೋಗುವಂತೆಯೇ ಇದು. ಹೊಲದ ಜಾಗದಲ್ಲಿ ಹನಿ, ಉಪ್ಪಿನ ಜಾಗದಲ್ಲಿ ಬೆಳ್ಳಿ.

ಚಹಾದ ಕಲೆಯಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ವಿದ್ಯುತ್ತಿನ ಗೆರೆಯಲ್ಲಿ ಹೀಗಾದರೆ ಎರಡು ಅಂಚುಗಳಲ್ಲಿ ಬೆಳ್ಳಿ ದಟ್ಟವಾಗಿ, ನಡುವೆ ಏನೂ ಇಲ್ಲದೆ, ಗೆರೆ ಅಲ್ಲಲ್ಲಿ ಕಡಿದುಹೋಗುತ್ತದೆ. ಇದಕ್ಕೆ ಪರಿಹಾರವಾಗಿ ಶಾಯಿಯಲ್ಲಿ ಎರಡು ದ್ರವಗಳನ್ನು ಬೆರೆಸುತ್ತಾರೆ. ಉದಾಹರಣೆಗೆ ನೀರಿನೊಡನೆ ಎಥಿಲೀನ್ ಗ್ಲೈಕಾಲ್ ಎಂಬ ನಿಧಾನವಾಗಿ ಆರುವ ದ್ರವವನ್ನು ಸೇರಿಸಬಹುದು. ಅಂಚಿನಲ್ಲಿ ನೀರು ಬೇಗ ಹೋಗಿ ಗ್ಲೈಕಾಲಿನ ಪಾಲು ಹೆಚ್ಚುತ್ತದೆ. ಗ್ಲೈಕಾಲಿನ ಮೇಲ್ಮೈ ಸೆಳೆತ ನೀರಿನದಕ್ಕಿಂತ ಕಡಮೆ. ಹೆಚ್ಚು ಸೆಳೆತವಿರುವ ನಡುಭಾಗ ಮೇಲ್ಪದರದ ದ್ರವವನ್ನು ತನ್ನೆಡೆಗೆ ಎಳೆದುಕೊಳ್ಳುತ್ತದೆ. ಹೀಗೆ ಹೊರಮುಖವಾದ ಹರಿವಿಗೆ ಎದುರಾಗಿ ಒಳಮುಖವಾದ ಹರಿವೊಂದು ಹುಟ್ಟಿ ಕಣಗಳು ಸಮನಾಗಿ ನೆಲೆಗೊಳ್ಳುತ್ತವೆ. ಹನಿಗಳ ನಡುವಣ ಅಂತರವನ್ನೂ ಲೆಕ್ಕಹಾಕಿ ಇಡಬೇಕು. ದೂರವಾದರೆ ಗೆರೆಯ ಬದಲು ಚುಕ್ಕಿಗಳ ಸಾಲು. ಹತ್ತಿರವಾದರೆ ಶಾಯಿ ಅಲ್ಲಲ್ಲಿ ಉಬ್ಬಿ ಪಕ್ಕದ ಗೆರೆಯನ್ನು ಮುಟ್ಟುತ್ತದೆ.

ಒಣಗಿ ಬೆಸೆದ ಗೆರೆಯ ದಪ್ಪ ಅನೇಕ ವೇಳೆ ಒಂದು ಮೈಕ್ರಾನನ್ನೂ ಮುಟ್ಟುವುದಿಲ್ಲ. ಹಾಳೆಯೊಡನೆ ಅದು ಬಾಗಬಲ್ಲುದಕ್ಕೆ ಈ ತೆಳುವೇ ಕಾರಣ. ಬೆಳ್ಳಿಯ ಕಡಗವನ್ನು ಬಗ್ಗಿಸಲು ಬಲ ಬೇಕು. ಮಿಠಾಯಿಯ ಮೇಲೆ ಅಂಟಿಸುವ ಬೆಳ್ಳಿಯ ವರ್ಖ ಉಸಿರಿಗೂ ಅಲುಗುತ್ತದೆ. ಹಾಗೆಂದು ಗೆರೆ ಎಂದೆಂದಿಗೂ ಬಾಗುತ್ತಲೇ ಇರಬಲ್ಲುದೆಂದಲ್ಲ. ಸಾವಿರಾರು ಸಲ ಮಡಿಸಿ ಬಿಡಿಸಿದಾಗ ಕಣಗಳ ಬೆಸುಗೆಗಳಲ್ಲಿ ಸಣ್ಣ ಸೀಳುಗಳು ತೋರಿ ರೋಧ ಏರುತ್ತದೆ. ಬೆಳ್ಳಿಯೊಂದೇ ಅಲ್ಲದೆ ತಾಮ್ರದ ಶಾಯಿಗಳೂ ಇವೆ. ತಾಮ್ರ ಅಗ್ಗ, ಆದರೆ ಅದರ ನ್ಯಾನೊಕಣಗಳು ಗಾಳಿ ತಾಗಿದೊಡನೆ ಕಿಲುಬುಗಟ್ಟಿ ವಾಹಕಗುಣವನ್ನು ಕಳೆದುಕೊಳ್ಳುತ್ತವೆ. 2004ರಲ್ಲಿ ಬೇರ್ಪಡಿಸಿ ತೋರಿಸಿದ, 2010ರ ನೊಬೆಲ್ ಪಾರಿತೋಷಕಕ್ಕೆ ಕಾರಣವಾದ ಗ್ರಾಫೀನ್ ಎಂಬ ಇಂಗಾಲದ ಹಾಳೆಯಿಂದಲೂ, ವಿದ್ಯುತ್ತನ್ನು ಹರಿಸುವ ಪ್ಲಾಸ್ಟಿಕ್ಕುಗಳಿಂದಲೂ ಶಾಯಿ ಮಾಡುತ್ತಾರೆ.

ಬೆಂಗಳೂರಿನಲ್ಲಿ ಈ ದಿಕ್ಕಿನ ಕೆಲಸ ಗಮನಾರ್ಹವಾಗಿ ನಡೆದಿದೆ. 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಭೋ ದಾಸ್‌ಗುಪ್ತ ಅವರ ತಂಡ ಬರಿಯ ಗೆರೆಗಳನ್ನಷ್ಟೇ ಅಲ್ಲದೆ, ವಿದ್ಯುತ್ತನ್ನು ಬೇಕೆಂದಾಗ ಬಿಟ್ಟು ಬೇಡವೆಂದಾಗ ತಡೆಯುವ ಟ್ರಾನ್ಸಿಸ್ಟರುಗಳನ್ನೇ ಲೋಹದ ಆಕ್ಸೈಡುಗಳ ಶಾಯಿಯಿಂದ ಇಂಕ್‌ಜೆಟ್ ಮುದ್ರಕದಲ್ಲಿ ಅಚ್ಚು ಮಾಡಿ ತೋರಿಸಿದೆ. ಗೆರೆ ಒಂದು ಕಾಲುವೆಯಾದರೆ ಟ್ರಾನ್ಸಿಸ್ಟರ್ ಅದರ ತೂಬು. ಆದರೂ ಅಳತೆ ಮರೆಯಬಾರದು. ಮುದ್ರಕದ ಗೆರೆಯ ಅಗಲ ಹತ್ತಾರು ಮೈಕ್ರಾನುಗಳು. ಗಣಕಯಂತ್ರದ ಸಿಲಿಕಾನ್ ಬಿಲ್ಲೆಯಲ್ಲಿ ಕೆತ್ತುವ ಗೆರೆ ಅದಕ್ಕಿಂತ ಸಾವಿರ ಪಟ್ಟು ಸಪುರ. ಅಚ್ಚಿನ ಎಲೆಕ್ಟ್ರಾನಿಕ್ಸ್ ಸಿಲಿಕಾನನ್ನು ಮನೆಗೆ ಕಳುಹಿಸುತ್ತದೆಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ಅದು ಹಾಗಾಗುವುದು ಕಾಣುವುದಿಲ್ಲ. ಸಿಲಿಕಾನ್ ಹೋಗಲಾರದ ಕಡೆ, ಅಷ್ಟು ದುಬಾರಿಯಾದುದು ಬೇಕಾಗದ ಕಡೆ ಇದಕ್ಕೆ ಕೆಲಸವಿದೆ.

ಇದೇ ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಹಾಗೂ ನ್ಯಾನೊ ಮತ್ತು ಮೃದು ಪದಾರ್ಥ ವಿಜ್ಞಾನ ಕೇಂದ್ರಗಳಲ್ಲಿ ಜಿ. ಯು. ಕುಲಕರ್ಣಿಯವರೂ ಅವರ ಸಹೋದ್ಯೋಗಿಗಳೂ ಬೇರೊಂದು ಉಪಾಯ ಹೂಡಿದರು. ಅದರಲ್ಲಿ ಮುದ್ರಕವಿಲ್ಲ, ಆದರೆ ಎರೆಭೂಮಿಯನ್ನು ಬಲ್ಲವರಿಗೆ ಅದು ಕೂಡಲೆ ಮನಸ್ಸಿಗೆ ಹಿಡಿಯುತ್ತದೆ. ದೂರವಾಣಿಯ ಸ್ಪರ್ಶಪರದೆಗೆ ಪಾರದರ್ಶಕವಾದ ವಾಹಕ ಬೇಕು. ಈಗ ಬಳಕೆಯಲ್ಲಿರುವ ಇಂಡಿಯಮ್ ತವರದ ಆಕ್ಸೈಡು ಬಾಗಿಸಿದರೆ ಗಾಜಿನಂತೆ ಸೀಳುತ್ತದೆ. ಕುಲಕರ್ಣಿಯವರ ತಂಡ ಹಾಳೆಯ ಮೇಲೆ ಸೂಕ್ಷ್ಮಕಣಗಳ ಲೇಪವನ್ನು ಬಳಿದು ಒಣಗಲು ಬಿಟ್ಟಿತು. ಬೇಸಗೆಯ ಕೆರೆಯಂಗಳದಂತೆ ಅದು ಜಾಲಜಾಲವಾಗಿ ಬಿರುಕು ಬಿಟ್ಟಿತು. ಆ ಬಿರುಕುಗಳಿಗೆ ಲೋಹವನ್ನು ತುಂಬಿ ಲೇಪವನ್ನು ತೊಳೆದುಹಾಕಿದಾಗ ಕಣ್ಣಿಗೆ ಕಾಣದಷ್ಟು ಸಪುರವಾದ ಲೋಹದ ಬಲೆಯೊಂದು ಹಾಳೆಯ ಮೇಲೆ ಉಳಿಯಿತು. ಬೆಳಕು ಅದರ ಕಣ್ಣುಗಳಿಂದ ಹಾಯುತ್ತದೆ. ವಿದ್ಯುತ್ತು ಎಳೆಗಳಲ್ಲಿ ಹರಿಯುತ್ತದೆ. ಬಿರುಕನ್ನು ದೋಷವೆಂದು ತಿಳಿಯುವುದೇ ವಾಡಿಕೆ. ಅದನ್ನೇ ಅಚ್ಚಿನ ಪಡಿಯಾಗಿ ಬಳಸಿದುದು ಸಾಮಾನ್ಯವಾದ ಯೋಚನೆಯಲ್ಲ.

ಅಚ್ಚು ಮಾಡಿದ ವಾಹಕಗಳು ಜನರ ಕೈಗೆ ಆಗಲೇ ಬಂದಿವೆ. ಬಂದುದು ಅವರಿಗೆ ತಿಳಿದಿಲ್ಲವಷ್ಟೆ. ಸಕ್ಕರೆ ಕಾಯಿಲೆಯವರ ಒಂದು ತೊಟ್ಟು ರಕ್ತವನ್ನು ಪರೀಕ್ಷಿಸುವ ಪುಟ್ಟ ಪಟ್ಟಿಯಲ್ಲಿ ಅನೇಕ ವೇಳೆ ಇಂಗಾಲದ ಶಾಯಿಯ ಗೆರೆಗಳಿರುತ್ತವೆ. ಸೌರಫಲಕದ ಮೇಲಿನ ಸಪುರ ಬಿಳಿಗೆರೆಗಳು ಬೆಳ್ಳಿಯವು. ಇವನ್ನು ಬಹುಮಟ್ಟಿಗೆ ಜರಡಿಯಂಥ ಬಟ್ಟೆಯ ಮೂಲಕ ಮಂದವಾದ ಶಾಯಿಯನ್ನು ಒತ್ತಿ ಅಚ್ಚು ಮಾಡುತ್ತಾರೆ. ಅದಕ್ಕೆ ಪ್ರತಿ ಚಿತ್ರಕ್ಕೂ ಬೇರೆ ಪಡಿ ಬೇಕು. ಇಂಕ್‌ಜೆಟ್ಟಿಗೆ ಪಡಿ ಬೇಡ. ಗಣಕದಲ್ಲಿ ಚಿತ್ರ ಬದಲಾಯಿಸಿದರೆ ಸಾಕು.

ಮಣ್ಣಿನ ತೇವವನ್ನು ಅಳೆಯುವ ಪಟ್ಟಿಯ ರಚನೆ ಇವೆಲ್ಲಕ್ಕಿಂತ ಸರಳವಾದುದು. ಎರಡು ಬಾಚಣಿಗೆಗಳನ್ನು ಎದುರುಬದುರಾಗಿಟ್ಟು ಒಂದರ ಹಲ್ಲುಗಳ ನಡುವೆ ಇನ್ನೊಂದರ ಹಲ್ಲುಗಳು ಮುಟ್ಟದಂತೆ ಸೇರಿಸಿದ ಆಕಾರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿಯ ಶಾಯಿಯಿಂದ ಬರೆಯುತ್ತಾರೆ. ಎರಡಕ್ಕೂ ವಿದ್ಯುತ್ತಿನ ಸಂಪರ್ಕ ಕೊಟ್ಟಾಗ ಅವುಗಳ ನಡುವೆ ಸ್ವಲ್ಪ ವಿದ್ಯುದಾವೇಶ ಶೇಖರವಾಗುತ್ತದೆ. ಎಷ್ಟು ಶೇಖರವಾಗುತ್ತದೆಂಬುದು ಸುತ್ತಲಿನ ವಸ್ತುವನ್ನು ಅವಲಂಬಿಸಿದೆ. ಆವೇಶವನ್ನು ಹಿಡಿದಿಡಲು ನೆರವಾಗುವ ಗುಣ ಗಾಳಿಗೆ 1 ಎಂದಿಟ್ಟುಕೊಂಡರೆ ಒಣಮಣ್ಣಿಗೆ 3ರಿಂದ 5, ನೀರಿಗೆ ಸುಮಾರು 80. ಆದುದರಿಂದ ಮಣ್ಣಿನಲ್ಲಿ ನೀರು ತುಸು ಹೆಚ್ಚಿದರೂ ಅಳತೆ ಎದ್ದು ಕಾಣುತ್ತದೆ. ಬೇರಿನ ಆಳದಲ್ಲಿ ನೆಟ್ಟ ಪಟ್ಟಿ, ಮೇಲಿನ ಪದರ ಬಿರುಕು ಬಿಟ್ಟಿದ್ದರೂ ಕೆಳಗೆ ತೇವವಿದೆಯೇ ಇಲ್ಲವೇ ಎಂಬುದನ್ನು ತಿಳಿಸಬಲ್ಲುದು. ಇಂಥ ಪಟ್ಟಿಗಳನ್ನು ಪ್ರಯೋಗಶಾಲೆಗಳಲ್ಲಿ ಇಂಕ್‌ಜೆಟ್ಟಿನಿಂದ ಮಾಡಿ ಪರೀಕ್ಷಿಸಿದ್ದಾರೆ. ಅವು ನಾಳೆಯೇ ಕೊಡೇಕಲ್ಲಿನ ಹೊಲಗಳಿಗೆ ಬಂದು ಇಳಿಯುತ್ತವೆಂದು ಹೇಳುವಂತಿಲ್ಲ. ಬಂದರೂ ಅವು ತೇವವನ್ನು ಹೇಳಬಲ್ಲುವೇ ಹೊರತು ತೂಬನ್ನು ಯಾರಿಗೆ, ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ನಿರ್ಧರಿಸಲಾರವು. ಮೇಲ್ಭಾಗದವನು ತನಗಿನ್ನು ನೀರು ಸಾಕೆಂದು ಒಪ್ಪಿಕೊಳ್ಳಲು ಒಂದು ಆಧಾರವನ್ನು ಮಾತ್ರ ಅವು ಒದಗಿಸಬಹುದು.

ಅದಕ್ಕೂ ಮೊದಲು ಬೆಳ್ಳಿಯ ಗೆರೆ ಮಣ್ಣಿನಲ್ಲಿ ಬಾಳಬೇಕು. ಸವಳು ಹೆಚ್ಚಿದ ಎರೆಯಲ್ಲಿ ಅದು ಸುಲಭವಲ್ಲ. ಉಪ್ಪಿನ ಕ್ಲೋರೈಡು ಬೆಳ್ಳಿಯನ್ನು ನಿಧಾನವಾಗಿ ಕಬಳಿಸುತ್ತದೆ. ಒಂದೇ ದಿಕ್ಕಿನ ವಿದ್ಯುತ್ತೂ ತೇವವೂ ಕೂಡಿದಲ್ಲಿ ಬೆಳ್ಳಿಯ ಅಯಾನುಗಳು ಒಂದು ಗೆರೆಯಿಂದ ಹೊರಟು ಇನ್ನೊಂದರ ಮೇಲೆ ಜರಿಗಿಡದ ಎಲೆಯಂತೆ ಬೆಳೆದು, ಮುಟ್ಟಬಾರದ ಎರಡು ಬಾಚಣಿಗೆಗಳನ್ನು ಮುಟ್ಟಿಸಿಬಿಡುತ್ತವೆ. ಇದಕ್ಕಾಗಿ ಗೆರೆಗಳ ಮೇಲೆ ನೀರು ನುಗ್ಗದ ತೆಳುವಾದ ಲೇಪ ಕೊಡುತ್ತಾರೆ, ದಿಕ್ಕು ಬದಲಿಸುತ್ತಿರುವ ವಿದ್ಯುತ್ತಿನಿಂದ ಅಳೆಯುತ್ತಾರೆ. ಲೇಪ ದಪ್ಪವಾದರೆ ಅಳತೆ ಮಂಕಾಗುತ್ತದೆ. ತೆಳುವಾದರೆ ಉಳುಮೆಯ ಮಣ್ಣು ಉಜ್ಜಿ ತೆಗೆಯುತ್ತದೆ. ಬೆಲೆಯನ್ನೂ ಉಪ್ಪಿನ ಕಾಟವನ್ನೂ ಒಟ್ಟಿಗೆ ತಪ್ಪಿಸಲು ಇಂಗಾಲದ ಶಾಯಿಯನ್ನು ಬಳಸುವ ಯತ್ನವೂ ನಡೆದಿದೆ. ಅದರ ರೋಧ ಬೆಳ್ಳಿಯದಕ್ಕಿಂತ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು. ದೀಪ ಉರಿಸಲು ಅದು ಸಾಲದು. ತೇವದ ಪಟ್ಟಿಯಲ್ಲಿ ಹರಿಯಬೇಕಾದ ವಿದ್ಯುತ್ತು ಬಹಳ ಅಲ್ಪವಾದುದರಿಂದ ಅಲ್ಲಿ ಅಷ್ಟೇ ಸಾಕಾಗುತ್ತದೆ.